ಗುಂಡನ ಕಿವುಡುತನಕ್ಕೊಂದು ದೃಢೀಕರಣ ಪತ್ರ

ಇಂದ,
ತಂಗಿ, ಹೊಲಿಗೆ ಅಂಗಡಿ
(ಇನ್ನೊಂದು ಯಂತ್ರದ ಮುಂದೆ ಕೂರುವ ಅಕ್ಕನಿಗೆ ಈ ಅರ್ಜಿಯ ವಿಷಯ ತಿಳಿದಿರುವುದಿಲ್ಲ)

ಗೆ,
ನರರೋಗ ವೈದ್ಯರು, ಪ್ರಾಣಿಗಳ ಆಸ್ಪತ್ರೆ

ವಿಷಯ: ಗುಂಡನೆಂಬ ನಾಯಿಯ ಎರಡೂ ಕಿವಿ ಶಾಶ್ವತವಾಗಿ ಹೋಗಿವೆಯೆಂದು ಪತ್ರ ನೀಡುವ ಬಗ್ಗೆ.

ಉಲ್ಲೇಖ: "ನೀವಿಬ್ರೂ ಒಂದೇ ಮನೇಲಿರೋದಾ?" ಎಂಬ ತಮ್ಮ ಮೌಖಿಕ ಪ್ರಶ್ನೆ.

ಮಾನ್ಯರೇ,

೧. ಒಂದು ಕೋಟಿನ ತೋಳು ಗಿಡ್ಡವಾದ ಕಾರಣ, ತಪ್ಪು ಕತ್ತರಿಸಿದವಳದೋ ಅಳತೆ ತೆಗೆದವಳದೋ ಎಂಬುದು ಇತ್ಯರ್ಥವಾಗದೆ, ಅರ್ಜಿದಾರಳೂ ಅಕ್ಕನೂ ಮಾತು ಬಿಟ್ಟಿದ್ದರು. ಆದರೂ ಅಂಗಡಿ ನಡೆಯಬೇಕಾದ ಕಾರಣ ಸಕಲ ವ್ಯವಹಾರವೂ ಗುಂಡನ ಮುಖಾಂತರ ಸಾಗುತ್ತಿತ್ತು.

"ಗುಂಡಾ, ಕಪ್ಪು ದಾರ ಮುಗೀತು ಅಂತ ಹೇಳು ಅವಳಿಗೆ."

"ಗುಂಡಾ, ಕಣ್ಣಿದ್ರೆ ಡ್ರಾಯರ್‌ನಲ್ಲಿ ನೋಡ್ಕೊಳ್ಳೋಕೆ ಹೇಳು."

ಸದರಿ ಗುಂಡನು ಇಬ್ಬರ ಕಡೆಗೂ ಬಾಲ ಅಲ್ಲಾಡಿಸಿ ತಟಸ್ಥನಾಗಿರುತ್ತಿದ್ದನು.

೨. ಹೀಗಿರಲಾಗಿ ಅವನು ತಲೆ ಓರೆ ಮಾಡಿಕೊಂಡು ಇಸ್ತ್ರಿ ಮೇಜಿನ ಸುತ್ತ ಒಂದೇ ದಿಕ್ಕಿಗೆ ಸುತ್ತತೊಡಗಿದನು. ಮೈ ಸುಡುತ್ತಿತ್ತು. ಬಟ್ಟಲಿಗೆ ಕತ್ತು ಬಗ್ಗಿಸಲು ಹೋಗಿ ಕಿರುಚಿ ಬಿದ್ದನು. ಅಕ್ಕ ಅವನನ್ನು ಎತ್ತಿಕೊಂಡು ಓಡಿದಳು. ಅರ್ಜಿದಾರಳು ಕೊರಳಲ್ಲಿದ್ದ ಅಳತೆಪಟ್ಟಿ ಸಮೇತ ಹಿಂದೆ ಓಡಿದಳು.

೩. ತಾವು ವಿಚಾರಿಸಲಾಗಿ, ಕಿವಿಯಲ್ಲಿ ಕೀವು ಸೋರುತ್ತಿದ್ದುದು ಅಕ್ಕನಿಗೆ ಮಾತ್ರ, ಕತ್ತು ಮುಟ್ಟಿದರೆ ನರಳುತ್ತಿದ್ದುದು ಅರ್ಜಿದಾರಳಿಗೆ ಮಾತ್ರ ಗೊತ್ತಿತ್ತೆಂದು ಹೊರಬಿತ್ತು.

"ಕೀವು ಬರ್ತಿತ್ತಾ? ಹೇಳೋಕೇನಾಗಿತ್ತು ನಿನಗೆ?"

"ಗುಂಡನಿಗೆ ಹೇಳಿದ್ದೆ," ಎಂದಳು ಅಕ್ಕ.

ತಾವು ಉಲ್ಲೇಖಿತ ಪ್ರಶ್ನೆ ಕೇಳಿದ್ದು ಆಗಲೇ.

೪. ಇಬ್ಬರ ಅರ್ಧರ್ಧ ಮಾಹಿತಿ ಸೇರಿದ ಕಾರಣ ತಮಗೆ ಅನುಮಾನ ಬಂದು, ಸ್ಕ್ಯಾನ್ ಮಾಡಿಸಿದಿರಿ. ಕಿವಿಯ ಸೋಂಕು ಮಿದುಳಿನ ಪೊರೆಗೆ ಹಬ್ಬಿತ್ತು. ಅರಿವಳಿಕೆ ಕೊಟ್ಟು ಹಿಂಗತ್ತಿನಿಂದ ಸೂಜಿಯಲ್ಲಿ ತೆಗೆದ ದ್ರವ ನೀರಿನಂತೆ ತಿಳಿಯಾಗಿರುವ ಬದಲು ಕದಡಿತ್ತು. ಅದರಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು. "ಜೀವ ಉಳಿಯಬಹುದು, ಕಿವಿ ಕೇಳುತ್ತೋ ಇಲ್ವೋ ಹೇಳೋಕಾಗಲ್ಲ," ಎಂದಿರಿ. ಹೊರಗಿನ ಬೆಂಚಿನಲ್ಲಿ ಅಕ್ಕ ಅರ್ಜಿದಾರಳ ಮಣಿಕಟ್ಟು ಹಿಡಿದವಳು ಬಿಡಲಿಲ್ಲ.

೫. ಗುಂಡ ಬದುಕಿ ಮನೆಗೆ ಬಂದನು. "ಗುಂಡಾ, ಊಟಕ್ಕೆ ಬಾ ಅಂತ ಹೇಳು ಅವಳಿಗೆ," ಎಂದಳು ಅಕ್ಕ. ಅವನು ಮಲಗೇ ಇದ್ದನು. ಇನ್ನೊಮ್ಮೆ ಹೇಳಿದಳು. ಕಡೆಗೆ, "ಇವನಿಗೆಲ್ಲಿ ಕೇಳುತ್ತೆ. ಊಟಕ್ಕೆ ಬಾರೇ," ಎಂದಳು. ಅರ್ಜಿದಾರಳು ಹೋದಳು. ಆ ಬಳಿಕ ಜಗಳಗಳೂ ಆಗಿವೆ, ಆದರೆ ನೇರವಾಗಿ.

೬. ನಿನ್ನೆ ಅಕ್ಕ ಹೊರಗೆ ಹೋಗಿದ್ದಾಗ ಅರ್ಜಿದಾರಳು ಸುಮ್ಮನೆ "ಗುಂಡಾ" ಎಂದಳು. ಬಲಗಿವಿ ನಿಮಿರಿತು. ಅವನನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಯೋಚನೆಗೆ ಬಿದ್ದಳು.

ಆದ್ದರಿಂದ ಮೇಲ್ಕಂಡ ಪತ್ರವನ್ನು ಅಕ್ಕನ ಹೆಸರಿಗೆ ದಯಪಾಲಿಸಬೇಕೆಂದು ಕೋರಿಕೆ.

ತಮ್ಮ ಮೌನವನ್ನು ನಂಬಿರುವ,
ಅರ್ಜಿದಾರಳು

ಅಡಕ:
೧. ಕತ್ತಿನ ದ್ರವದ ಪರೀಕ್ಷಾ ವರದಿ.
೨. ಗುಂಡ, ಖುದ್ದಾಗಿ. ಅಕ್ಕನೂ ಜೊತೆಗೆ ಬರುವ ಕಾರಣ ದಯವಿಟ್ಟು ಅವನನ್ನು ಹೆಸರು ಹಿಡಿದು ಕರೆಯಬಾರದು.