ಕಾಲಲ್ಲೇ ಅಳೆದ ಊರು

ಎಲ್ಲ ಅನಾಹುತಕ್ಕೂ ಕಾರಣ ಒಂದು ಪ್ರವಾಸ ಕೈಪಿಡಿಯ ಮುನ್ನುಡಿಯಲ್ಲಿದ್ದ ಒಂದೇ ಒಂದು ವಾಕ್ಯ: ‘ಈ ದೇಶದ ಬೀದಿ ಬೀದಿಯನ್ನೂ ನನ್ನ ಕಾಲಲ್ಲೇ ಅಳೆದು ಇದನ್ನು ಬರೆದಿದ್ದೇನೆ.’

ನಿಜಕ್ಕೂ ಗ್ರಂಥಕರ್ತರ ಕಾಲು ಅಳೆದದ್ದು ಪ್ರೆಸ್ಸಿನ ಹಿಂದಿನ ಕೋಣೆಯನ್ನು ಮಾತ್ರ. ಆಗ ಅವರು ಮದುವೆಯಾಗದ ಪ್ರೂಫ್ ರೀಡರ್. ಪ್ರೆಸ್ಸಿನ ಮಾಲೀಕರು, “ಆ ದೇಶಕ್ಕೆ ಯಾರೂ ಹೋಗಲ್ಲಪ್ಪ. ಹೋದೋರು ಬಂದು ನಮ್ಮನ್ನ ಕೇಳೋದೂ ಇಲ್ಲ. ಒಂದು ನೂರು ಪುಟ ನೀನೇ ತುಂಬಿಸಿಬಿಡು,” ಎಂದಿದ್ದರು. ಇವರು ಹರಕು ನಕ್ಷೆಯೊಂದನ್ನು ಮುಂದಿಟ್ಟುಕೊಂಡು ಇಪ್ಪತ್ತೆರಡು ದಿನದಲ್ಲಿ ತುಂಬಿಸಿಬಿಟ್ಟರು. ನದಿಯಿಲ್ಲದೆ ಅಲ್ಲಿನ ದೊಡ್ಡ ಊರು ಬೋಳುಬೋಳಾಗಿ ಕಾಣುತ್ತದೆಂದು ಒಂದು ನದಿ ಹರಿಸಿದರು. ನದಿ ಬಂದ ಮೇಲೆ ಸೇತುವೆ ಬೇಡವೇ, ಅದನ್ನೂ ಕಟ್ಟಿದರು.

ಆ ದೇಶದ ಬಗ್ಗೆ ಬೇರೆ ಪುಸ್ತಕವೇ ಇಲ್ಲದ್ದರಿಂದ ಅದು ಮತ್ತೆ ಮತ್ತೆ ಅಚ್ಚಾಯಿತು. ಅದನ್ನು ಓದಿದ ಹೆಡ್ಮಾಸ್ತರರೊಬ್ಬರು, ಒಬ್ಬನೇ ಪರದೇಶ ಸುತ್ತಿ ಬಂದ ಹುಡುಗ ಸಂಸಾರ ತೂಗಿಸಲಾರನೇ ಎಂದು ಮಗಳನ್ನು ಕೊಟ್ಟರು. ಗ್ರಂಥಕರ್ತರು ಇಪ್ಪತ್ತೈದು ವರ್ಷ ಗುಟ್ಟನ್ನು ಜೋಪಾನ ಮಾಡಿಕೊಂಡು ಬಂದರು. ಮದುವೆಗೆ ಇಪ್ಪತ್ತೈದು ತುಂಬಿದ ಸಂಭ್ರಮಕ್ಕೆ ಹೆಂಡತಿ ಮೂರು ಟಿಕೆಟ್ ತಂದು ಮುಂದಿಟ್ಟಳು. ಮೂರನೆಯದು ಅವಳ ತಮ್ಮನಿಗೆ.

“ನೀವು ಓಡಾಡಿದ ಊರನ್ನ ನಿಮ್ಮ ಕೈಲೇ ತೋರಿಸ್ಕೋಬೇಕು ಅಂತ ಆಸೆ ಕಣ್ರೀ,” ಎಂದಳು. ಬೇಡವೆಂದರೆ ಗುಟ್ಟು ರಟ್ಟಾಗುತ್ತದೆಂದು ಗ್ರಂಥಕರ್ತರು ಪೆಟ್ಟಿಗೆ ಕಟ್ಟಿದರು.

ಹೀಗೆ ಒಂದು ಬೆಳಿಗ್ಗೆ ಮೂವರೂ ಆ ಊರಿನ ಬಸ್ ನಿಲ್ದಾಣದಲ್ಲಿ ಇಳಿದರು. ಭಾವಮೈದುನನದು ಸರ್ವೆ ಇಲಾಖೆಯ ಕೆಲಸ. ಇಪ್ಪತ್ತು ವರ್ಷ ಊರವರ ಜಮೀನು ಅಳೆದು ಅಳೆದು, ಟೇಪು ಹಿಡಿಯದೆ ಹೆತ್ತತಾಯಿಯ ಮಾತನ್ನೂ ನಂಬದ ಸ್ಥಿತಿ ತಲುಪಿದ್ದ. ಕೈಯಲ್ಲಿ ಪುಸ್ತಕ, ಕಿವಿಯ ಮೇಲೆ ಪೆನ್ಸಿಲ್, ಜೇಬಿನಲ್ಲಿ ಟೇಪು.

“ಭಾವ, ಪುಟ ಹನ್ನೆರಡು. ನಿಲ್ದಾಣದಿಂದ ಎಡಕ್ಕೆ ನೂರು ಹೆಜ್ಜೆ ಹೋದ್ರೆ ನದಿ ಅಂತ ಬರ್ದಿದ್ದೀರಿ.”

ನೂರು ಹೆಜ್ಜೆಗೆ ಸಿಕ್ಕಿದ್ದು ಚಪ್ಪಲಿ ರಿಪೇರಿ ಅಂಗಡಿ.

“ಒಣಗಿಹೋಗಿರ್ಬೇಕು,” ಎಂದರು ಗ್ರಂಥಕರ್ತರು.

ಪುಸ್ತಕ ಹಿಡಿದು ಬಂದವರ ಸಹವಾಸದಿಂದ ಆ ಊರಿನವರಿಗೆ ನಮ್ಮ ಭಾಷೆ ಅಷ್ಟಿಷ್ಟು ಬರುತ್ತಿತ್ತು. ಅದೇ ಎಡವಟ್ಟಾಯಿತು. ಚಪ್ಪಲಿ ಹೊಲಿಯುತ್ತಿದ್ದವನು ತಲೆಯೆತ್ತಿ, “ನಮ್ಮಜ್ಜನ ಕಾಲದಲ್ಲೂ ಇಲ್ಲಿ ನದಿ ಇರ್ಲಿಲ್ಲ. ಬರೋರೆಲ್ಲ ನನ್ನ ಮುಂದೆ ನಿಂತು ನೀರೆಲ್ಲಿ ಅಂತಾರೆ. ಈ ಪುಸ್ತಕ ಬರೆದೋನು ಸಿಕ್ಕಿದ್ರೆ ಒಂದ್ಸಲ ನನ್ನ ಹತ್ರ ಕಳಿಸಿ,” ಎಂದ.

“ಬರೆದೋರು ಇವರೇ...” ಎಂದು ಹೆಂಡತಿ ಹೆಮ್ಮೆಯಿಂದ ಶುರುಮಾಡುವಷ್ಟರಲ್ಲಿ ಗ್ರಂಥಕರ್ತರು ಅವಳ ರಟ್ಟೆ ಹಿಡಿದು ಎಳೆದುಕೊಂಡು ಹೊರಟರು.

ಪುಟ ಹತ್ತೊಂಬತ್ತರ ಗಡಿಯಾರದ ಗೋಪುರದ ಜಾಗದಲ್ಲಿ ಲಾಂಡ್ರಿ ಇತ್ತು. “ಕೆಡವಿರ್ಬೇಕು,” ಎಂದರು. ಪುಟ ಇಪ್ಪತ್ತಾರರ ಉದ್ಯಾನದಲ್ಲಿ ಸಿಮೆಂಟು ಗೋದಾಮು ಇತ್ತು. “ಮಾರಿರ್ಬೇಕು,” ಎಂದರು. ಭಾವಮೈದುನ ಒಂದೊಂದಕ್ಕೂ ಪುಟದ ಅಂಚಿನಲ್ಲಿ ಕಾಟು ಹಾಕುತ್ತ ಬಂದ. ಪುಟ ಮೂವತ್ತೊಂದರ ವಸ್ತುಸಂಗ್ರಹಾಲಯವೆಂದು ಒಂದು ಕಟ್ಟಡದ ಹಿಂಬದಿಗೆ ಹೋದಾಗ, ಗೋಡೆ ಪುಸ್ತಕದಲ್ಲಿ ಬರೆದಂತೆ ಅರವತ್ತು ಅಡಿ ಇದೆಯೋ ಇಲ್ಲವೋ ನೋಡಿಯೇಬಿಡೋಣವೆಂದು ಟೇಪು ಬಿಚ್ಚಿದ. ಅದು ಸರ್ಕಾರದ ಖಜಾನೆ. ಪೊಲೀಸಿನವನು ಮೂವರನ್ನೂ ಠಾಣೆಗೆ ನಡೆಸಿಕೊಂಡು ಹೋದ.

“ಖಜಾನೆ ಗೋಡೆ ಯಾಕೆ ಅಳೀತಿದ್ರಿ?” ಎಂದು ಇನ್‌ಸ್ಪೆಕ್ಟರು ಕೇಳಿದರು.

“ಪುಟ ಮೂವತ್ತೊಂದು, ಸಾರ್,” ಎಂದು ಭಾವಮೈದುನ ಪುಸ್ತಕ ಮುಂದಿಟ್ಟ.

ಇನ್‌ಸ್ಪೆಕ್ಟರು ನಿಟ್ಟುಸಿರು ಬಿಟ್ಟು ಮೇಜಿನ ಖಾನೆ ಎಳೆದರು. ಒಳಗೆ ಅದೇ ಪುಸ್ತಕದ ಹತ್ತು ಪ್ರತಿಗಳಿದ್ದವು. “ಎಲ್ಲ ಖಜಾನೆ ಹಿಂದೆ ಸಿಕ್ಕಿದೋರ ಹತ್ರ ಕಿತ್ಕೊಂಡಿದ್ದು,” ಎಂದರು. ಎರಡು ಗಂಟೆ ಕೂರಿಸಿ, ಟೇಪು ಇಟ್ಟುಕೊಂಡು, ಖಾನೆಯಲ್ಲಿ ಇನ್ನು ಜಾಗವಿಲ್ಲವೆಂದು ಪುಸ್ತಕ ವಾಪಸು ಕೊಟ್ಟರು. ಅದನ್ನೂ ಇಟ್ಟುಕೊಂಡಿದ್ದರೆ ಅವರ ಹೊಟ್ಟೆ ತಣ್ಣಗಿರುತ್ತಿತ್ತು ಎಂದುಕೊಂಡರು ಗ್ರಂಥಕರ್ತರು.

ಠಾಣೆಯ ಮೆಟ್ಟಿಲ ಮೇಲೆ ಹೆಂಡತಿ ಕೂತುಬಿಟ್ಟಳು. ಮಾತು ಮೆಲ್ಲಗಿತ್ತು, ಅದೇ ಭಯ ಹುಟ್ಟಿಸುವಂತಿತ್ತು.

“ನಿಜ ಹೇಳಿ. ನೀವು ಈ ಊರಿಗೆ ಬಂದಿದ್ರಾ?”

“ಏನು ಮಾತು ಅಂತ ಆಡ್ತೀಯೇ...”

“ಸರಿ. ಪುಟ ನಲವತ್ತೇಳು. ನೀವು ಮೂರು ತಿಂಗಳು ಇದ್ದ ಮನೆ. ನೀಲಿ ಬಾಗಿಲು, ನಿಲ್ದಾಣದಿಂದ ಬಲಕ್ಕೆ ಇನ್ನೂರ ಹತ್ತು ಹೆಜ್ಜೆ. ಅದೂ ಇಲ್ದಿದ್ರೆ ನಮ್ಮಪ್ಪ ನನ್ನನ್ನ ಕೊಟ್ಟಿದ್ದು ಒಬ್ಬ ಸುಳ್ಳುಗಾರನಿಗೆ ಅಂತಾಯ್ತು. ನಾನು ಇಲ್ಲಿಂದ ನೇರ ತವರಿಗೆ ಹೋಗ್ತೀನಿ.”

ಬೆಳಿಗ್ಗೆಯಿಂದ ಗ್ರಂಥಕರ್ತರು ಆ ಬಲಗಡೆಯೊಂದನ್ನು ತಪ್ಪಿಸಿಕೊಂಡೇ ತಿರುಗಿದ್ದರು. ಇಪ್ಪತ್ತೈದು ವರ್ಷ ಒಂದೇ ಸೂರಿನಡಿ ಬಾಳಿದವಳು ಇನ್ನು ಇನ್ನೂರ ಹತ್ತು ಹೆಜ್ಜೆಯಲ್ಲಿ ಕೈಬಿಟ್ಟು ಹೋಗುತ್ತಾಳೆಂದು ಅವರಿಗೆ ಅಳುವೇ ಬಂತು. ಭಾವಮೈದುನ ಮಾತ್ರ ಬಸ್ ನಿಲ್ದಾಣಕ್ಕೆ ವಾಪಸು ಬಂದದ್ದೇ ಅದರ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಎಣಿಸತೊಡಗಿದ. ನೂರಾಯಿತು, ಇನ್ನೂರಾಯಿತು.

“ಇನ್ನೂರ ಹತ್ತು,” ಎಂದು ನಿಂತ.

ಎದುರಿಗೆ ಒಂದು ನೀಲಿ ಬಾಗಿಲು ಇತ್ತು. ಮೇಲೆ ನಮ್ಮ ಭಾಷೆಯಲ್ಲೇ ಬೋರ್ಡು: ‘ಕೈಪಿಡಿಯ ಗ್ರಂಥಕರ್ತರು ಮೂರು ತಿಂಗಳು ತಂಗಿದ್ದ ಮನೆ. ಕೋಣೆಗಳು ದೊರೆಯುತ್ತವೆ.’

ಗ್ರಂಥಕರ್ತರು ಎರಡು ಸಲ ಕಣ್ಣುಜ್ಜಿಕೊಂಡರು. ಹೆಂಡತಿಯ ಕಣ್ಣಲ್ಲಿ ನೀರು ತುಂಬಿತು. “ತಪ್ಪಾಯ್ತು ಕಣ್ರೀ, ನಿಮ್ಮನ್ನ ಅನುಮಾನಿಸಿಬಿಟ್ಟೆ,” ಎಂದಳು. ಹೋದ ಜೀವ ಬಂದಂತಾಗಿ ಗ್ರಂಥಕರ್ತರು ಧಾರಾಳವಾಗಿ ಕ್ಷಮಿಸಿದರು.

ಬಾಗಿಲು ತೆಗೆದವಳು ಮನೆಯೊಡತಿ. ಐವತ್ತರ ಆಸುಪಾಸು, ನಗುಮುಖ, ಮಾತಿನಮಲ್ಲಿ. ಕೋಣೆ ತೋರಿಸುತ್ತ, ಬಂದವರಿಗೆಲ್ಲ ಹೇಳುವುದನ್ನು ಹೇಳತೊಡಗಿದಳು. “ಇದೇ ಅವರ ಮಂಚ. ಬೆಳಿಗ್ಗೆಯೆಲ್ಲ ಬರೀತಿದ್ರು, ಸಂಜೆ ನನ್ನ ಜೊತೆ ಈ ಕಿಟಕೀಲಿ ಕೂರ್ತಿದ್ರು. ಹೊರಡೋ ದಿನ ನನ್ನ ಕೈ ಹಿಡ್ಕೊಂಡು ಅತ್ತರು. ಮತ್ತೆ ಬರ್ತೀನಿ, ನಿನ್ನನ್ನೇ ಮದುವೆ ಆಗ್ತೀನಿ ಅಂದ್ರು. ನಾನು ಇನ್ನೂ ಕಾಯ್ತಾ ಇದೀನಿ.”

ಹೆಂಡತಿ ಗಂಡನ ಕಡೆ ತಿರುಗಿದಳು.

“ಅವರು ಇವರೇ,” ಎಂದಳು ಹೆಂಡತಿ, ಹಲ್ಲು ಕಚ್ಚಿ.

ಮನೆಯೊಡತಿ ಒಂದು ಗಳಿಗೆ ತಬ್ಬಿಬ್ಬಾದಳು. ಆಮೇಲೆ ಕರವಸ್ತ್ರದಿಂದ ಕಣ್ಣೊರೆಸಿಕೊಂಡು, “ಈಗ ನೆನಪಾಯ್ತಾ?” ಎಂದಳು.

ಗ್ರಂಥಕರ್ತರು ಅವಳನ್ನು ಹಜಾರಕ್ಕೆ ಕರೆದೊಯ್ದು ಕೈಮುಗಿದರು. “ತಾಯೀ, ನಾನು ಈ ಊರಿಗೆ ಕಾಲಿಟ್ಟಿದ್ದೇ ಇವತ್ತು. ನನ್ನ ಸಂಸಾರ ಮುಳುಗುತ್ತೆ. ಒಂದು ಮಾತು ನಿಜ ಹೇಳಿಬಿಡಿ.”

“ನೀವು ಬಂದಿಲ್ಲ ಅಂತ ನನಗೆ ಗೊತ್ತಿಲ್ವಾ?” ಎಂದು ಆಕೆ ಪಿಸುಗುಟ್ಟಿದಳು. “ಪುಸ್ತಕದೋರು ನೀಲಿ ಬಾಗಿಲು ಹುಡುಕಿ ಹುಡುಕಿ ಸೋತು ಹೋಗ್ತಿದ್ರು. ನಾನೇ ಹೆಜ್ಜೆ ಎಣಿಸಿ ಈ ಮನೆ ಹಿಡಿದೆ, ಬಾಗಿಲಿಗೆ ಬಣ್ಣ ಬಳಿದೆ. ಸುಮ್ನೆ ಕೋಣೆ ಅಂದ್ರೆ ಯಾರೂ ಉಳೀತಿರ್ಲಿಲ್ಲ, ಅದಕ್ಕೆ ಪ್ರೇಮ ಸೇರಿಸಿದೆ. ನಿಮ್ಮ ಒಂದು ಸಂಸಾರಕ್ಕೆ ನನ್ನ ಹೊಟ್ಟೆಪಾಡು ಕಳ್ಕೊಳ್ಲಾ?”

ಬೇರೆ ದಾರಿ ಕಾಣದೆ ಗ್ರಂಥಕರ್ತರು ಹೆಂಡತಿಯ ಮುಂದೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಿಬಿಟ್ಟರು. “ನಾನು ಯಾವತ್ತೂ ಬಂದೇ ಇಲ್ಲ ಕಣೇ. ಪ್ರೆಸ್ಸಲ್ಲಿ ಕೂತು ಬರೆದೆ. ನನ್ನ ಹತ್ರ ಆಗ ಪಾಸ್‌ಪೋರ್ಟೇ ಇರ್ಲಿಲ್ಲ.”

“ಕಳೆದುಹೋಯ್ತು ಅಂತ ಮದುವೆ ಮಾತುಕತೇಲಿ ನೀವೇ ಹೇಳಿದ್ರಲ್ಲ,” ಎಂದಳು ಹೆಂಡತಿ. “ಯಾಕೆ ಕಳೆದುಹೋಯ್ತು ಅಂತ ಈಗ ಗೊತ್ತಾಯ್ತು.”

“ನದಿ ಇಲ್ಲ, ಗೋಪುರ ಇಲ್ಲ, ನೀನೇ ನೋಡಿದ್ಯಲ್ಲ.”

“ಅದೇ ನಾನೂ ಹೇಳ್ತಿರೋದು, ಭಾವ,” ಎಂದ ಭಾವಮೈದುನ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಳ್ಳುತ್ತ. “ಇಡೀ ಊರಲ್ಲಿ ನೀವು ಸರಿಯಾಗಿ ಬರ್ದಿರೋದು ಇದೊಂದೇ ಮನೆ. ಮಿಕ್ಕಿದ್ದು ನೋಡೋಕೆ ನಿಮಗೆ ಪುರುಸೊತ್ತೇ ಇರ್ಲಿಲ್ಲ ಅಂತಾಯ್ತು. ಒಂದು ಹೆಜ್ಜೆ ಹೆಚ್ಚಿಲ್ಲ, ಕಮ್ಮಿ ಇಲ್ಲ.”

ಅಕ್ಕ ತಮ್ಮ ಕೋಣೆಯೊಳಗೆ ಹೋಗಿ ಚಿಲಕ ಹಾಕಿಕೊಂಡರು. ಗ್ರಂಥಕರ್ತರು ಹಜಾರದಲ್ಲಿ ಪೆಟ್ಟಿಗೆಯ ಮೇಲೆ ಕೂತು, ಒಳಗಿನವರಿಗೆ ಕೇಳುವಂತೆ ಮತ್ತೆ ಮತ್ತೆ ಆಣೆ ಇಟ್ಟು ಹೇಳಿದರು. ಬಹಳ ಹೊತ್ತಿನ ಮೇಲೆ, “ಮೂರು ತಿಂಗಳು ಏನು, ಮೂರು ದಿನವೂ ಇರ್ಲಿಲ್ವಾ?” ಎಂದು ಹೆಂಡತಿಯ ಅಳುಕು ದನಿ ಕೇಳಿಸಿತು. ಗ್ರಂಥಕರ್ತರು ಆಸೆಯಿಂದ ಎದ್ದು ನಿಂತರು.

ಅಷ್ಟರಲ್ಲಿ ಬೀದಿ ಬಾಗಿಲಲ್ಲಿ ಪುಸ್ತಕ ಹಿಡಿದ ಹೊಸ ಪ್ರವಾಸಿಗಳ ಗುಂಪೊಂದು ಬಂದು ನಿಂತಿತು. “ಗ್ರಂಥಕರ್ತರು ಇದ್ದ ಮನೆ ಇದೇನಾ?” ಎಂದು ಅವರಲ್ಲೊಬ್ಬರು ಕೇಳಿದರು.

“ಇದ್ದ ಮನೆ ಅಲ್ಲಮ್ಮ, ಇರೋ ಮನೆ,” ಎಂದು ಮನೆಯೊಡತಿ ಇಡೀ ಬೀದಿಗೆ ಕೇಳುವಂತೆ ಹೇಳಿ, ಗ್ರಂಥಕರ್ತರ ಕಡೆ ಕೈ ತೋರಿಸಿದಳು. “ಅವರೇ. ಕೊಟ್ಟ ಮಾತು ಉಳಿಸ್ಕೊಳ್ಳೋಕೆ ವಾಪಸ್ ಬಂದಿದಾರೆ.”

ಕೋಣೆಯೊಳಗೆ ಮೇಲಿನ ಚಿಲಕವೂ ಬಿದ್ದ ಸದ್ದಾಯಿತು.