ಸಾಲಿನಲ್ಲಿ ಕಣ್ಣು ಮುಚ್ಚಿದ ಠೋಸರ್

ವಾಮನ ಠೋಸರ್ ಮಾಡಿದ ತಪ್ಪು ಇಷ್ಟೇ. ಗಿರಗಾಂವ್‌ನ ನಮ್ಮ ಚಾಳಿನ ಮೂರನೇ ಮಹಡಿಯಲ್ಲಿ, ಭಾನುವಾರ ಬೆಳಗ್ಗೆ, ಪಾಯಿಖಾನೆಯ ಸಾಲಿನಲ್ಲಿ ಕೂತು ಕಣ್ಣು ಮುಚ್ಚಿದ.

ಇಡೀ ಮಹಡಿಗೆ ಪಾಯಿಖಾನೆ ಒಂದೇ. ಆ ಸಾಲಿನಲ್ಲಿ ನಿಲ್ಲುವುದು ಮನುಷ್ಯರಲ್ಲ, ಚೊಂಬುಗಳು. ಚೊಂಬು ಇಟ್ಟು, ಹೋಗಿ ಚಹಾ ಕುಡಿದು ಬಂದರೂ ನಿಮ್ಮ ಸರದಿಯನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟಿದವನ ಏಳು ತಲೆಮಾರನ್ನು ಮನೆಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ಎಳೆದಾಡಿಬಿಡುತ್ತಾರೆ. ಇದರಲ್ಲಿ ವಿನಾಯಿತಿ ಒಬ್ಬನಿಗೇ. ಠೋಸರನಿಗೆ ದೊಡ್ಡ ಕರುಳಿನ ಉರಿಯೂತ. ಔಷಧಿಗೆ ತಗ್ಗುತ್ತದೆ, ಬಿಟ್ಟು ಹೋಗುವುದಿಲ್ಲ. ಕರೆ ಬಂತೆಂದರೆ ಬಂತು, ತಡೆಯುವಂತಿಲ್ಲ. ಹಾಗಾಗಿ ಅವನ ಚೊಂಬು ಯಾವಾಗ ಬಂದರೂ ಎಲ್ಲರಿಗಿಂತ ಮುಂದೆ ಎಂದು, ಸಾಲಿನ ಯಜಮಾನಿಕೆಯನ್ನು ತಾವೇ ವಹಿಸಿಕೊಂಡಿದ್ದ ಘೈಸಾಸ್ ಕಾಕಾ ತೀರ್ಪು ಕೊಟ್ಟಿದ್ದರು. ಚಾಳಿನಲ್ಲಿ ಠೋಸರನಿಗಿದ್ದ ಆಸ್ತಿ ಅದೊಂದೇ. ಅದು ಕೈತಪ್ಪಿದರೆ ಮಾನ ಗ್ಯಾಲರಿಯಲ್ಲೇ ಹರಾಜು.

ಡಾಕ್ಟರು ಅವನನ್ನು ಆಸ್ಪತ್ರೆಯ ಧ್ಯಾನದ ತರಬೇತಿಗೆ ಕಳಿಸಿದ್ದರು. ಅಲ್ಲಿ ಪೆರಿನ್ ಬಾಯಿ ಎಂಬ ಪಾರ್ಸಿ ಹೆಂಗಸು ಕೈಗೊಂದು ಒಣದ್ರಾಕ್ಷಿ ಕೊಟ್ಟು, ನೋಡಿ, ಮೂಸಿ, ಆಮೇಲೆ ನಿಧಾನವಾಗಿ ಅಗಿಯಿರಿ ಎನ್ನುತ್ತಿದ್ದಳು. “ಇದರಿಂದ ಕಾಯಿಲೆ ವಾಸಿಯಾಗಲ್ಲ ಡಿಕ್ರಾ, ನನ್ನ ಮಗನೇ, ಮಾತ್ರೆ ಬಿಡಬೇಡ. ಗಾಬರಿ ಕಮ್ಮಿಯಾಗುತ್ತೆ, ಅಷ್ಟೇ. ಹೊಟ್ಟೆ ಕರೆದ ಕೂಡಲೇ ಕುಣೀಬೇಡ. ಒಂದೊಂದೇ ಉಸಿರು ನೋಡು.”

ಆ ಭಾನುವಾರ ಹೊಟ್ಟೆ ಕರೆಯಿತು. ಒಳಗೆ ಘೈಸಾಸ್ ಕಾಕಾ ಇದ್ದರು. ಬೇರೆ ದಿನವಾಗಿದ್ದರೆ ಠೋಸರ್ ಕಾದ ಹೆಂಚಿನ ಮೇಲೆ ನಿಂತವನ ಹಾಗೆ ಕುಣಿದು, ಬಾಗಿಲು ಬಡಿದು, ಇಡೀ ಚಾಳನ್ನು ಎಬ್ಬಿಸುತ್ತಿದ್ದ. ಅವತ್ತು ಚೊಂಬಿನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ.

ಪಕ್ಕದ ಮನೆಯ ಕುಸುಮ ಕಾಕೂ ಬಂದು ನೋಡಿದಳು. ಠೋಸರ್ ಸುಮ್ಮನಿದ್ದದ್ದನ್ನು ಆಕೆ ಜನ್ಮದಲ್ಲಿ ಕಂಡವಳಲ್ಲ.

“ಅಯ್ಯೋ ಮಂದಾ, ಓಡಿ ಬಾರೇ! ನಿನ್ನ ಗಂಡ ಹೋಗ್ಬಿಟ್ಟ!”

“ಎಲ್ಲಿ ಹೋಗ್ತಾರೆ ಕಾಕೂ? ಹೋಗೋಕೇ ಅಲ್ವಾ ಕಾಯ್ತಾ ಕೂತಿರೋದು,” ಎಂದಳು ಹೆಂಡತಿ ಮಂದಾ, ಅವಲಕ್ಕಿ ಪೋಹೆಯ ಒಗ್ಗರಣೆ ಬಿಟ್ಟು ಏಳದೆ.

ಅಷ್ಟರಲ್ಲಿ ಕಾಕೂ ಅವನ ಮೂಗಿಗೆ ಈರುಳ್ಳಿ ಹಿಡಿದಾಗಿತ್ತು. ಅದಕ್ಕೂ ಕಣ್ಣು ಬಿಡದಿದ್ದಾಗ ಅವನದೇ ಚೊಂಬಿನ ನೀರನ್ನು ಅವನ ತಲೆಗೇ ಸುರಿದಳು.

ಠೋಸರ್ ಒಂದು ಕಣ್ಣು ತೆರೆದ. “ನೀರು ತಣ್ಣಗಿದೆ ಕಾಕೂ. ಅದನ್ನೇ ಗಮನಿಸ್ತಾ ಇದ್ದೀನಿ.”

ಬಾಗಿಲು ತೆರೆದು ಕಾಕಾ ಹೊರಬಂದರು. “ಏನೋ ವಾಮನ, ಬಾಗಿಲೇ ಬಡೀಲಿಲ್ಲ? ಒಳಗೆ ನನಗೆ ಯೋಚನೆ ಹತ್ಕೊಳ್ತು!”

ಠೋಸರ್ ಗೆದ್ದಿದ್ದ. ಹೋಗಿ ಬಂದು ಬಾಯಿ ಮುಚ್ಚಿಕೊಂಡಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಜನ ಹೊಗಳಿದರು, ಅವನು ಹೊನ್ನಶೂಲ ಏರಿದ. ಮಧ್ಯಾಹ್ನ ಗ್ಯಾಲರಿಯಲ್ಲಿ ಚಾಪೆ ಹಾಸಿ ಎಲ್ಲರಿಗೂ ಪಾಠ ಶುರುಮಾಡಿದ. ಕೈಗೊಂದು ಒಣದ್ರಾಕ್ಷಿ ಹಂಚಿದ.

“ಇನ್ನೊಂದು ಕೊಡು,” ಎಂದರು ಕಾಕಾ. “ಇದು ಗಮನಕ್ಕೆ ಬರೋ ಮೊದಲೇ ಇಳಿದುಹೋಯ್ತು.”

“ಅವಸರ ಬೇಡ ಕಾಕಾ. ಯಾವ ಕೆಲಸವಾದ್ರೂ ಸರಿ, ಪೂರ್ತಿ ಮನಸ್ಸಿಟ್ಟು, ಒಂದೊಂದೇ ಉಸಿರು ನೋಡ್ತಾ ಮಾಡಬೇಕು,” ಎಂದ ಠೋಸರ್, ಥೇಟ್ ಪೆರಿನ್ ಬಾಯಿಯ ಗತ್ತಿನಲ್ಲಿ.

ಪಾಠ ಮುಗಿದ ಮೇಲೆ ಕಾಕಾ ಎದ್ದು ನಿಂತರು. “ಭೇಷ್! ಹಾಗಾದ್ರೆ ಇನ್ಮೇಲೆ ವಾಮನನ ಚೊಂಬೂ ಸರದೀಲೇ ಇರಲಿ.”

ಠೋಸರ್ ಚಾಪೆಯಿಂದ ಧಡಕ್ಕನೆ ಎದ್ದ. “ಕಾಕಾ, ಕಾಯಿಲೆ ಹೋಗಿಲ್ಲ! ಗಾಬರಿ ಮಾತ್ರ ಕಮ್ಮಿಯಾಗಿದೆ!”

“ನಿನ್ನ ಕಾಯಿಲೆಯಿಂದ ನಮಗೇನಪ್ಪ ತೊಂದರೆ? ನಮ್ಮ ಪ್ರಾಣ ತಿಂತಿದ್ದದ್ದು ನಿನ್ನ ಗಾಬರೀನೇ. ಅದು ಹೋಯ್ತಲ್ಲ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಮಂದಾ ಹಣೆ ಚಚ್ಚಿಕೊಂಡಳು. “ಇದ್ದದ್ದೊಂದು ಸೌಕರ್ಯ. ಅದನ್ನೂ ಕೈಯಾರೆ ದ್ರಾಕ್ಷಿ ಕೊಟ್ಟು ಕಳ್ಕೊಂಡ್ರಿ.”

ಸಂಜೆ ಮತ್ತೆ ಕರೆ ಬಂತು. ಠೋಸರ್ ಓಡಿ ಬಂದು ಸಾಲಿನ ಕೊನೆಯಲ್ಲಿ ಚೊಂಬು ಇಟ್ಟು ಕೂತ, ಉಸಿರು ನೋಡಿದ. ಸಾಲು ಅಲುಗಲಿಲ್ಲ. ಮತ್ತೆ ನೋಡಿದ. ಉಸಿರು ಬಂತು, ಹೋಯಿತು, ಒಳಗಿದ್ದವರು ಮಾತ್ರ ಬರಲಿಲ್ಲ. ಕಣ್ಣು ತೆರೆದರೆ, ಎಂದೂ ಚೊಂಬಿನ ಹತ್ತಿರ ಸುಳಿಯದ ಜನ ಇವತ್ತು ತಮ್ಮ ತಮ್ಮ ಚೊಂಬಿನ ಪಕ್ಕ ಕಣ್ಣು ಮುಚ್ಚಿ ಸಾಲಾಗಿ ಕೂತಿದ್ದಾರೆ. ಅವನು ಎದ್ದು ಹೋಗಿ ಬಾಗಿಲು ತಟ್ಟಿದ.

ಒಳಗಿನಿಂದ ಕುಸುಮ ಕಾಕೂನ ದನಿ ಬೆಣ್ಣೆಯಷ್ಟು ಮೆತ್ತಗೆ ಬಂತು. “ಯಾರು, ವಾಮನನಾ? ನೀನು ಹೇಳಿಕೊಟ್ಟ ಹಾಗೇ ಮನಸ್ಸಿಟ್ಟು ಕೂತಿದ್ದೀನಪ್ಪ. ಏನು ನೆಮ್ಮದಿ! ಒಳಗೆ ಬಂದದ್ದು ಯಾತಕ್ಕೆ ಅನ್ನೋದೇ ಮರೆತುಹೋಯ್ತು.”

“ಕಾಕೂ! ಕಾಕಾ! ಯಾರಾದ್ರೂ!” ಠೋಸರ್ ಎರಡೂ ಕೈಯಿಂದ ಬಾಗಿಲು ಬಡಿಯುತ್ತ ಕುಣಿಯತೊಡಗಿದ.

ಸಾಲಿನಲ್ಲಿ ಒಬ್ಬರೂ ಕಣ್ಣು ತೆರೆಯಲಿಲ್ಲ. ಘೈಸಾಸ್ ಕಾಕಾ ಮಾತ್ರ ಶಾಂತವಾಗಿ ಎಲ್ಲರಿಗೂ ಹೇಳಿದರು:

“ಹೊರಗಿನ ಸದ್ದು ಬರುತ್ತೆ, ಹೋಗುತ್ತೆ. ನೀವು ನಿಮ್ಮ ಉಸಿರು ನೋಡಿ.”