ಬೀಗರ ಥಂಡಿ ಮಿಶಿನ್ನು

ನಮ್ಮ ಬೀಗರು, ಅಂದರೆ ನನ್ನ ಸೊಸೆಯ ತಂದೆ, ಶಿವನನ್ನು ಕೂಡ ಪೂರ್ತಿ ನಂಬಿದವರಲ್ಲ ಎಂದರೆ ನನ್ನನ್ನು ಬೈಯಬೇಡಿ. ಲಿಂಗಪೂಜೆ ಒಂದು ದಿನವೂ ತಪ್ಪಿಸುವುದಿಲ್ಲ, ನಿಜ. ಆದರೆ ಮುಚ್ಚುವುದು ಒಂದೇ ಕಣ್ಣು! ಇನ್ನೊಂದು ನೈವೇದ್ಯದ ಹಾಲಿನ ಮೇಲೆ. ಅನುಮಾನ ಬೆಕ್ಕಿನ ಮೇಲೋ, ದೇವರ ಮೇಲೋ, ಕೇಳುವವರು ಯಾರು?

ಇಂಥವರ ಮನೆಯಲ್ಲಿ ನನ್ನ ಮೊಮ್ಮಗಳು ಹುಟ್ಟಿದಳು! ನಮ್ಮ ಮನೆಗೆ ಮೊದಲ ಮೊಮ್ಮಗು. ಅವಳ ಕಿವಿಯೊಂದನ್ನೇ ವರ್ಣಿಸುತ್ತ ಕೂತರೂ ಕಾಗದ ಸಾಲದು, ಬಿಡಿ. ಬಾಣಂತನ ಮುಗಿಯಿತೆಂದು ತಾಯಿ-ಕೂಸನ್ನು ನಿಲಂಗಾಕ್ಕೆ ಕರೆತರಲು ಯೆಣೆಗೂರಿಗೆ ಹೋದೆ. ಓಣಿಯ ಹೆಂಗಸರನ್ನೆಲ್ಲ ಆವತ್ತಿನ ಆರತಿಗೆ ಕರೆದು ಬಂದಿದ್ದೆ. ಬಿಸಿಲೋ, ಕಾದ ಹಂಚು!

"ಬೀಗತೇರ, ಮೊದಲೇ ಹೇಳ್ತೀನಿ," ಎಂದರು ಬೀಗರು. "ಹಾದ್ಯಾಗ ಕೂಸಿನ ಹಣಿ ಮ್ಯಾಲ ಬೆವರು ಕಂಡ್ರ ಗಾಡಿ ಹೊಳ್ಳಿ ಯೆಣೆಗೂರಿಗೇ. ಮಳಿ ಬಿದ್ದ ಮ್ಯಾಲೇ ಕಳಸ್ತೀನಿ!"

"ಬೆವರು ಯಾಕ ಬರ್ತಾದ್ರೀ? ನಿಮ್ಮ ಥಂಡಿ ಮಿಶಿನ್ ಅದ ಅಲ್ಲ!"

ನಿಜಾಮರ ಮೇಲೆ ಪೊಲೀಸ್ ಆಕ್ಷನ್ ಆದಾಗ ಊರು ಬಿಟ್ಟ ಜಹಗೀರದಾರರೊಬ್ಬರ ಹಳೆಯ ಮೋಟಾರನ್ನು ಬೀಗರು ಕೊಂಡಿದ್ದರು. ಸೊಲ್ಲಾಪುರದಲ್ಲಿ ಎಲ್ಲೋ ನೋಡಿ ಬಂದು ಅದರ ಕಿಟಕಿಗೆ ಒಂದು ತಗಡಿನ ಡಬ್ಬ ಕೂಡಿಸಿದ್ದರು. ಡಬ್ಬದ ಬಾಯಿ ಮುಂದಕ್ಕೆ, ಒಳಗೆ ನೀರಲ್ಲಿ ನೆನೆದ ಲಾವಂಚದ ಬೇರು. ಗಾಡಿ ಓಡಿದಂತೆ ಗಾಳಿ ಡಬ್ಬಕ್ಕೆ ನುಗ್ಗಿ, ಬೇರು ಹಾಯ್ದು, ತಂಪಾಗಿ ಒಳಗೆ ಬರಬೇಕು. ಬರುತ್ತಲೂ ಇತ್ತು! ಮಗನ ಮದುವೆಯ ದಿನ ಅದರಲ್ಲಿ ಕೂತ ನಮ್ಮನೆಯವರು ಶಾಲು ಕೇಳಿದ್ದರು.

ಆವತ್ತು ಮಾತ್ರ ಊರು ದಾಟಿದರೂ ಡಬ್ಬ ಉಸಿರಾಡಲಿಲ್ಲ. ಬೀಗರು ಗಾಡಿ ನಿಲ್ಲಿಸಿದರು.

"ಲಾವಂಚ ಅಂತ ಹೇಳಿ ಹುಲ್ಲು ಮಾರ್ಯಾನ, ಹರಾಮಖೋರ!" ಎಂದು ಒಂದು ಬೇರು ಕಿತ್ತು ಅಗಿದರು. ಅಗಿದು ಅಗಿದು ಉಗುಳಿದರು. "ಅಸಲೀನೇ ಅದ," ಎಂದರು, ಬಹಳ ಬೇಜಾರಿನಿಂದ.

ಉಮರ್ಗಾದಲ್ಲಿ ಅನುಮಾನ ನೀರಿನ ಮೇಲೆ ಬಂತು. ಯಾರೋ ಕುಡಿದಿರಬೇಕು ಎಂದು ನನ್ನನ್ನು ನೋಡಿದರು! ನೀರು ತುಂಬಿಯೇ ಇತ್ತು. ಆದರೂ ಚೆಲ್ಲಿ, ಹೋಟೆಲಿನ ಮಡಕೆಯ ತಣ್ಣೀರು ತುಂಬಿಸಿದರು. ಅದೂ ಸೋತಿತು. ನಿಲಂಗಾದ ಹಾದಿಯಲ್ಲಿ ಗಾಳಿಯನ್ನೇ ಹಿಡಿದರು.

"ನಿಜಾಮರ ಕಾಲದಾಗ ಈ ಹಾದಿ ಮ್ಯಾಲ ಎಂಥಾ ಗಾಳಿ ಇತ್ತು! ಮುಂಬೈ ರಾಜ್ಯಕ್ಕ ಸೇರಿಸಿದ್ರು ನೋಡ್ರಿ, ಅದೂ ಮುಂಬೈಕ್ಕೇ ಹೋಗ್ಯಾದ!"

ಅಷ್ಟರಲ್ಲಿ ಕೂಸಿನ ಹಣೆ ಮಿನುಗಿತು. ಸೆರಗಿನಿಂದ ಮೆಲ್ಲಗೆ ಒರೆಸಿದೆ.

"ಒರಸಿದ್ರಿ!"

"ದೃಷ್ಟಿ ತಗದೆ ರೀ!"

ಈಗ ಅನುಮಾನ ನನಗೂ ಹತ್ತಿತು. ಮೊಮ್ಮಗಳನ್ನು ಕಳಿಸಲು ಮನಸ್ಸಿಲ್ಲದೆ ಈ ಮನುಷ್ಯನೇ ಡಬ್ಬಕ್ಕೆ ಏನಾದರೂ ತುರುಕಿದ್ದರೆ? ಮತ್ತೆ ಗಾಡಿ ನಿಂತಾಗ ಕೂಸನ್ನು ಸೊಸೆಗೆ ಕೊಟ್ಟು, ಇಳಿದು, ಡಬ್ಬದೊಳಗೆ ಮೊಣಕೈವರೆಗೆ ಕೈ ಹಾಕಿದೆ. ಬಳೆ ಸಿಕ್ಕಿಕೊಂಡಿತು!

"ಬೀಗತೇರ! ಏನ್ ಕದೀಲಾಕತ್ತೀರಿ?"

"ನೀವು ತುರುಕಿದ್ದು ಹುಡ್ಕಲಾಕತ್ತೀನಿ!"

"ಸಾಕು! ಹೊಳ್ಳಿ ಯೆಣೆಗೂರಿಗೇ!" ಎಂದು ಅವರು ಗಾಡಿ ಹತ್ತಿದರು. ನಾನು ಬಳೆ ಬಿಡಿಸಿ ಕೈ ತೆಗೆದೆ; ಬೇರು ಬಿಟ್ಟರೆ ಏನೂ ಸಿಕ್ಕಿರಲಿಲ್ಲ.

ಆಗ ಸೊಸೆ ಬಾಯಿ ಬಿಟ್ಟಳು. "ಅಪ್ಪಾ, ಮುಂಜಾನಿಂದ ಮೂರು ಎತ್ತಿನ ಬಂಡಿ ನಮಗ ಹಿಂದ ಹಾಕಿ ಹೋಗ್ಯಾವ. ಹಿಂಗ ಮೆಲ್ಲಗ ನಡಸಿದ್ರ ಡಬ್ಬಕ್ಕ ಗಾಳಿ ಎಲ್ಲಿಂದ ಬರ್ಬೇಕು?"

ಬೇರೆ ದಿನ ಬೀಗರು ಗಾಡಿ ನಡೆಸಿದರೆ ಯೆಣೆಗೂರಿನ ಕೋಳಿಗಳು ಮಾಳಿಗೆ ಹತ್ತುತ್ತಿದ್ದವು! ಆ ಬೀಗರು ಈಗ ತಮ್ಮ ಕಾಲನ್ನೇ ನೋಡುತ್ತ ಕೂತರು.

"ಹಾದಿ ತುಂಬಾ ತಗ್ಗು, ತಂಗಿ. ಕೂಸಿನ ಕುತ್ತಿಗಿ ಇನ್ನ ನಿಂತಿಲ್ಲ," ಎಂದರು. "ಜೋರು ನಡಸಿದ್ರ ಕುಲುಕ್ತಾಳ, ಮೆಲ್ಲಗ ನಡಸಿದ್ರ ಬೆವರ್ತಾಳ. ನಾ ಏನ್ ಮಾಡ್ಲಿ?"

ಹಾದಿಯ ಬದಿಗೆ ಒಂದು ಬೇವಿನ ಮರ ಇತ್ತು. ಜಮಖಾನೆ ಹಾಸಿದೆ.

"ಬರ್ರಿ, ನೆರಳಾಗ ಕೂಡೋಣ. ಹೊತ್ತು ಇಳೀಲಿ. ಆಮ್ಯಾಲ ಎಷ್ಟು ಮೆಲ್ಲಗ ಬೇಕು ಅಷ್ಟು ಮೆಲ್ಲಗ ನಡಸ್ರಿ."

"ಆರತಿ?"

"ಕಾಯ್ತಾರ ಬಿಡ್ರಿ. ಹಿಡೀರಿ ಮೊಮ್ಮಗಳಿಗಿ."

ಅವರು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ನಾನು ಸೆರಗಿನಿಂದ ಗಾಳಿ ಹಾಕುತ್ತ ಕೂತೆ. ಕೂಸಿಗೆಂದೇ ಹಾಕುತ್ತಿದ್ದೆ. ಆದರೆ ಬೀಗರ ಮುಖದ ತುಂಬ ಬೆವರು ಇಳಿಯುತ್ತಿತ್ತು ನೋಡಿ, ಯಾರೂ ಕಾಣದ ಹಾಗೆ ಸೆರಗು ತುಸು ಆ ಕಡೆಗೂ ಹೊರಳಿತು.